ನೀರು ಕಾಣದ ನೀಲಿ

ಹಳೆಯ ಅಮೆರಿಕನ್ ಜೀನ್ಸನ್ನು ಎಳೆ ಎಳೆಯಾಗಿ ಮತ್ತೆ ಕಟ್ಟುವ ಜಪಾನೀ ಕಸುಬಿಗೆ ಇಂದು ಜಗತ್ತಿನಾದ್ಯಂತ ರಸಿಕರಿದ್ದಾರೆ. ಆ ರಸಿಕರು ತಲೆಯ ಮೇಲೆ ಹೊತ್ತು ಮೆರೆಸುವ ಒಂದು ಬಗೆಯ ಪ್ಯಾಂಟಿನ ಬಗ್ಗೆ ನನ್ನ ತಕರಾರಿದೆ. ಆರು ತಿಂಗಳೋ ವರ್ಷವೋ ನೀರು ಮುಟ್ಟಿಸದೆ ತೊಟ್ಟ ಪ್ಯಾಂಟು ಅದು. ತೊಡೆಸಂದಿಯಿಂದ ಹೊರಟ ಬಿಳಿ ಗೆರೆಗಳು, ಮಂಡಿಯ ಹಿಂದೆ ಜೇನುಗೂಡಿನಂಥ ಬಲೆ, ಉಳಿದ ಕಡೆಯೆಲ್ಲ ಮಸಿಯಂಥ ಕಡುನೀಲಿ. ಜಪಾನೀಯರು ಆ ಗೆರೆಗಳನ್ನು ‘ಹಿಗೆ’ (ಮೀಸೆ) ಎನ್ನುತ್ತಾರೆ, ಬಲೆಯನ್ನು ‘ಹಚಿನೊಸು’ (ಜೇನುಗೂಡು) ಎನ್ನುತ್ತಾರೆ. ಫೋಟೊದಲ್ಲಿ ಇದು ಕಣ್ಣು ಕುಕ್ಕುತ್ತದೆ. ನೋಡಿದವರು ಎಷ್ಟು ಚೆನ್ನಾಗಿ ಮಾಗಿದೆ ಎಂದು ಬೆರಗಾಗುತ್ತಾರೆ. ಅದು ಮಾಗಿದ್ದಲ್ಲ ಎಂಬುದೇ ನನ್ನ ವಾದ. ಮರುಸೃಷ್ಟಿಯ ಡೆನಿಮ್ ಯಾವ ಮೂಲಕ್ಕೆ ನಿಷ್ಠೆ ತೋರುತ್ತದೋ ಆ ಮೂಲ ಎಂದೂ ಹೀಗೆ ಮುಪ್ಪಾಗಿರಲಿಲ್ಲ.

1979ರ ಸ್ಟುಡಿಯೋ ಡಿ’ಆರ್ಟಿಸಾನ್‌ನಿಂದ 1995ರ ವೇರ್‌ಹೌಸ್‌ವರೆಗಿನ ಓಸಾಕಾದ ಐದು ಜೀನ್ಸ್ ತಯಾರಕರು, ಕೊಜಿಮಾದ ಹೊಲಿಗೆಮನೆಗಳು, ಅಂಚಿನ ಕೆಂಪು ನೂಲು, ಮುಚ್ಚಿಟ್ಟ ರಿವೆಟ್ಟು, ಇವನ್ನೆಲ್ಲ ಬಲ್ಲವರಿಗೆ ಮತ್ತೆ ಹೇಳಬೇಕಿಲ್ಲ. ಅಮೆರಿಕ ಕಳಚಿ ಎಸೆದ ಡ್ರೇಪರ್ ಮಗ್ಗಗಳನ್ನು ಜಪಾನೀಯರು ಕೊಂಡೊಯ್ದರೆಂಬ ಕತೆಯನ್ನು ಇನ್ನಾದರೂ ಕೈಬಿಡಬೇಕು. ಜಪಾನಿನ ಸೆಲ್ವೆಜ್ ಅಂಚುಬಟ್ಟೆಗೆ ದುಡಿದದ್ದು ಅದರದೇ ಟೊಯೊಡಾ ಲಾಳಿಮಗ್ಗಗಳು. ನಾನು ನಿಲ್ಲಬೇಕೆಂದಿರುವುದು ಬೇರೆ ಕಡೆ: ಸ್ನಾನದ ತೊಟ್ಟಿಯ ಮುಂದೆ, ಪ್ಯಾಂಟು ಮೊದಲ ಸಲ ನೀರಿಗಿಳಿಯುವ ಆ ಒಂದು ಗಂಟೆಯ ಹತ್ತಿರ.

ಪ್ಯಾಂಟಿಗೆಂದು ಕಾಟನ್ ಬಟ್ಟೆ ಕೊಂಡರೆ ಒಂದು ರಾತ್ರಿ ನೆನೆಸಿ, ಒಣಗಿಸಿ ತಾ ಎಂದು ದರ್ಜಿಗಳು ಹೇಳುತ್ತಿದ್ದ ಕಾಲ ನಮ್ಮಲ್ಲಿ ಬಹಳ ಹಿಂದಿನದಲ್ಲ. ಬಟ್ಟೆ ನೀರು ಕುಡಿದ ಮೇಲಷ್ಟೇ ಅದಕ್ಕೆ ಕತ್ತರಿ. 1930ರಲ್ಲಿ ಸ್ಯಾನ್‌ಫರ್ಡ್ ಕ್ಲೂಯೆಟ್ ಪೇಟೆಂಟ್ ಪಡೆದ ವಿಧಾನ ಈ ಕೆಲಸವನ್ನು ಗಿರಣಿಯೊಳಗೇ ಮುಗಿಸಿತು. ತೇವ ಮಾಡಿದ ಬಟ್ಟೆಯನ್ನು ಯಂತ್ರದಲ್ಲಿ ಉದ್ದಕ್ಕೆ ಒತ್ತಿ, ಮುಂದೆ ಕುಗ್ಗಬೇಕಾದಷ್ಟನ್ನೂ ಮೊದಲೇ ಕುಗ್ಗಿಸಿಬಿಡುವ ಉಪಾಯ ಅದು. ಲೀವೈಸ್‌ನ 501 ಜೀನ್ಸ್ ಮಾತ್ರ ದಶಕಗಳ ಕಾಲ ಇದಕ್ಕೆ ಒಪ್ಪಲಿಲ್ಲ. ಕುಗ್ಗಿಸದ ಬಟ್ಟೆಯಲ್ಲೇ ಹೊಲಿದು, ಕುಗ್ಗಿಸುವ ಕೆಲಸವನ್ನು ಕೊಂಡವನ ಮನೆಗೆ ಬಿಟ್ಟಿತು. ನಮ್ಮ ದರ್ಜಿ ಬಟ್ಟೆಗೆ ಮೊದಲು ನೀರು ತೋರಿಸುತ್ತಿದ್ದ, 501 ತೋರಿಸಿದ್ದು ಹೊಲಿಗೆ ಮುಗಿದ ಮೇಲೆ. ಮರುಸೃಷ್ಟಿಯ ಡೆನಿಮಿನ ಅಸಲು ವಿದ್ಯೆಯೆಲ್ಲ ಈ ತಿರುವುಮುರುವಿನಲ್ಲಿದೆ.

ಡೆನಿಮಿನಲ್ಲಿ ಹಾಸು ನೀಲಿ, ಹೊಕ್ಕು ಬಿಳಿ. ಮಗ್ಗದ ಮೇಲೆ ಹಾಸಿನ ನೂಲು ಗಂಜಿ ಕುಡಿದು ಬಿಗಿಯಾಗಿ ನಿಂತಿರುತ್ತದೆ. ಮಗ್ಗದಿಂದ ಇಳಿದರೂ ಆ ಬಿಗಿತ ಪೂರ್ತಿ ಹೋಗುವುದಿಲ್ಲ, ಏಕೆಂದರೆ ಗಂಜಿ ಅದನ್ನು ಹಿಡಿದಿಟ್ಟಿರುತ್ತದೆ. ಬಿಸಿನೀರಿಗೆ ಬಿದ್ದೊಡನೆ ಗಂಜಿ ಕರಗುತ್ತದೆ, ಹತ್ತಿ ಊದುತ್ತದೆ. ಊದಿದ ಹೊಕ್ಕನ್ನು ಬಳಸಿ ಹೋಗಲು ಹಾಸಿನ ನೂಲಿಗೆ ಹೆಚ್ಚು ದಾರಿ ಬೇಕು. ನೂಲು ಇದ್ದಷ್ಟೇ ಇರುವುದರಿಂದ ಬಟ್ಟೆಯ ಉದ್ದ ಕಡಿಮೆಯಾಗುತ್ತದೆ. ಕುಗ್ಗಿಸದ ಡೆನಿಮ್ ಉದ್ದಕ್ಕೆ ನೂರಕ್ಕೆ 8ರಿಂದ 10 ಪಾಲು ಕಳೆದುಕೊಳ್ಳುವುದು ಸಾಮಾನ್ಯ, ಅಗಲಕ್ಕೆ ಅದಕ್ಕಿಂತ ಕಡಿಮೆ. 9 ಪಾಲು ಎಂದಿಟ್ಟುಕೊಂಡರೆ 36 ಇಂಚಿನ ಕಾಲು 33ಕ್ಕೂ ಕೆಳಗಿಳಿಯುತ್ತದೆ. ಅಗಲಕ್ಕೆ 3 ಪಾಲು ಹೋಯಿತೆನ್ನಿ. ಆಗ ಚದರ ಗಜಕ್ಕೆ 12 ಔನ್ಸ್ ತೂಗುತ್ತಿದ್ದ ಬಟ್ಟೆ, ಗಂಜಿಯ ತೂಕವನ್ನು ಬದಿಗಿಟ್ಟರೆ, ಹೆಚ್ಚುಕಡಿಮೆ 13.6 ಔನ್ಸ್ ಆಗುತ್ತದೆ. ಅಂಗಡಿಯಲ್ಲಿ ಮುಟ್ಟಿದ ಬಟ್ಟೆಯೇ ಬೇರೆ, ತೊಟ್ಟು ಓಡಾಡುವ ಬಟ್ಟೆಯೇ ಬೇರೆ.

ಈಗ ಹೊಲಿಗೆಗೆ ಬನ್ನಿ. ಸೊಂಟಪಟ್ಟಿಯನ್ನು ಹಾಸಿನ ಉದ್ದಕ್ಕೆ ಕತ್ತರಿಸಿರುತ್ತಾರೆ, ಅದರ ಕೆಳಗಿನ ಮೈಭಾಗ ಸೊಂಟದ ಸುತ್ತಿನಲ್ಲಿ ಹೊಕ್ಕಿನ ದಿಕ್ಕಿಗಿರುತ್ತದೆ. ಪಟ್ಟಿ ಹೆಚ್ಚು ಕುಗ್ಗುತ್ತದೆ, ಮೈ ಕಡಿಮೆ ಕುಗ್ಗುತ್ತದೆ. ಎರಡನ್ನೂ ಒಂದೇ ದಾರ ಕಟ್ಟಿಹಾಕಿರುವುದರಿಂದ ಮೈ ಸಣ್ಣ ಸಣ್ಣ ನೆರಿಗೆಯಾಗಿ ಪಟ್ಟಿಯ ಕೆಳಗೆ ಕೂರುತ್ತದೆ. ಕೆಳ ಅಂಚಿನಲ್ಲೂ ಇಂಥದೇ ಜಗಳ. ಯೂನಿಯನ್ ಸ್ಪೆಷಲ್ 43200ಜಿ ಎಂಬ ಯಂತ್ರ ಅಂಚು ಮಡಿಚಿ ಸರಪಳಿ ಹೊಲಿಗೆ ಹಾಕುವಾಗ ಮೇಲಿನ ಪದರ, ಕೆಳಗಿನ ಪದರ ಸರಿಸಮನಾಗಿ ಸಾಗುವುದಿಲ್ಲ. ಓರೆಯಾಗಿ ಸಿಕ್ಕಿಬಿದ್ದ ಪದರಗಳು ನೀರಿನಲ್ಲಿ ಕುಗ್ಗಿದಾಗ ಹಗ್ಗ ಹೊಸೆದಂತೆ ಉಬ್ಬುತಗ್ಗು ಏಳುತ್ತದೆ. ಉಬ್ಬು ಸವೆದು ಬಿಳಿಯಾಗುತ್ತದೆ, ತಗ್ಗು ನೀಲಿಯಾಗಿ ಉಳಿಯುತ್ತದೆ. ಈ ಹಗ್ಗದ ಗುರುತಿಗಾಗಿ ಜನ ಆ ಹಳೆಯ ಯಂತ್ರವಿರುವ ದರ್ಜಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಹುಡುಕಲಿ, ಅದರಲ್ಲಿ ಅರ್ಥವಿದೆ. ಆದರೆ ಯಂತ್ರದ್ದು ಅರ್ಧ ಕೆಲಸವಷ್ಟೇ, ಉಳಿದರ್ಧ ನೀರಿನದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದದ್ದು ಕಾಲಿನ ತಿರುಚು. ಡೆನಿಮಿನ ನೇಯ್ಗೆ ಓರೆಗೆರೆಯದು, ಆದ್ದರಿಂದ ಬಟ್ಟೆ ಒದ್ದೆಯಾಗಿ ಸಡಿಲಗೊಂಡಾಗ ಒಂದೇ ಪಕ್ಕಕ್ಕೆ ವಾಲುತ್ತದೆ. ಕೊಳವೆಯಾಗಿ ಹೊಲಿದ ಕಾಲಿನಲ್ಲಿ ಆ ವಾಲು ಸುತ್ತಾಗಿ ಕಾಣುತ್ತದೆ. ಎರಡೂ ಕಾಲಿಗೆ ಒಂದೇ ಬಟ್ಟೆಯಾದ್ದರಿಂದ ಎರಡೂ ಒಂದೇ ದಿಕ್ಕಿಗೆ ಸುತ್ತುತ್ತವೆ. ಹಾಗಾಗಿ ಒಂದು ಕಾಲಿನ ಹೊರಹೊಲಿಗೆ ಮೊಳಕಾಲ ಕೆಳಗೆ ಮುಂದಕ್ಕೆ ಹರಿದರೆ ಇನ್ನೊಂದರದು ಹಿಂದಕ್ಕೆ ಸರಿಯುತ್ತದೆ. ಉದ್ಯಮ ಇದನ್ನು ದೋಷವೆಂದೇ ಎಣಿಸಿತು. ರ‍್ಯಾಂಗ್ಲರ್ 1964ರಲ್ಲಿ ಓರೆಗೆರೆಯನ್ನು ನಡುನಡುವೆ ಮುರಿದು ನೇಯ್ದ ಬಟ್ಟೆಗೆ ಹೋದದ್ದು ಇದಕ್ಕೇ. ಇತರ ಗಿರಣಿಗಳು ಬಟ್ಟೆಯನ್ನು ಮೊದಲೇ ಎದುರು ದಿಕ್ಕಿಗೆ ಓರೆಯಾಗಿ ಎಳೆದು ದೋಷವನ್ನು ಅಳಿಸಿದವು. ಮರುಸೃಷ್ಟಿಯ ತಯಾರಕರು ಆ ತಿದ್ದುಪಡಿಯನ್ನು ಬೇಕೆಂದೇ ಬಿಟ್ಟರು. ಪಟ್ಟಿಯ ನೆರಿಗೆ, ಅಂಚಿನ ಹಗ್ಗ, ಕಾಲಿನ ತಿರುಚು, ಇವೆಲ್ಲ ಹೇಗೆ, ಎಷ್ಟು ಬರಬೇಕೆಂದು ಲೆಕ್ಕ ಹಾಕಿ ಅವರು ಬಟ್ಟೆ ಕತ್ತರಿಸುತ್ತಾರೆ. ಆಗುವುದು ಮುಂದೆ, ನೀರಿನಲ್ಲಿ. ಕಸುಬುದಾರ ತಾನು ಕಾಣದ ಆ ಘಳಿಗೆಯನ್ನು ಮುಂಗಂಡು ಹೊಲಿಯುತ್ತಾನೆ. ಈ ಮುಂಗಾಣ್ಕೆಯನ್ನೇ ನಾನು ಕಲೆ ಎಂದು ಕರೆಯುತ್ತೇನೆ.

ಹೀಗಿರುವಾಗ ನೀರು ಮುಟ್ಟಿಸಬೇಡಿ ಎಂಬ ಪಂಥ ಈ ಕಸುಬಿನ ವಕ್ತಾರನಾದದ್ದು ಹೇಗೆ? 2014ರಲ್ಲಿ ಲೀವೈಸ್‌ನ ಮುಖ್ಯಸ್ಥರಾಗಿದ್ದ ಚಿಪ್ ಬರ್ಗ್ ತಾವು ತೊಟ್ಟಿರುವ ಜೀನ್ಸ್ ವರ್ಷದಿಂದ ಒಗೆತ ಕಂಡಿಲ್ಲವೆಂದು ಸಭೆಯೊಂದರಲ್ಲಿ ಹೇಳಿದರು. ನೀರು ಉಳಿಸುವ ಮಾತಾಗಿ ಅದಕ್ಕೆ ತೂಕವಿದೆ. ಆದರೆ ರಸಿಕರು ಅದನ್ನು ಸೌಂದರ್ಯದ ಶಾಸನವಾಗಿ ಓದಿಕೊಂಡರು. ಅದಕ್ಕೂ ಮೊದಲು, 2011ರಲ್ಲಿ, ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ 15 ತಿಂಗಳು ಒಗೆಯದೆ ತೊಟ್ಟ ಪ್ಯಾಂಟಿನಲ್ಲಿದ್ದ ಬ್ಯಾಕ್ಟೀರಿಯಾ, ಒಗೆದು ಎರಡೇ ವಾರ ತೊಟ್ಟಾಗ ಇದ್ದದ್ದಕ್ಕಿಂತ ಹೆಚ್ಚೇನೂ ಅಲ್ಲವೆಂದು ಪರೀಕ್ಷೆಯಲ್ಲಿ ಕಂಡುಬಂದಿತ್ತು. ಇದನ್ನೂ ಅವರು ಕೈಯಲ್ಲಿ ಹಿಡಿದು ವಾದಿಸುತ್ತಾರೆ. ಪ್ರಶ್ನೆ ಬ್ಯಾಕ್ಟೀರಿಯಾದ್ದಲ್ಲ, ನೂಲಿನದು. ಬೆವರು ಮತ್ತು ಧೂಳಿನ ಹರಳು ಒಂದೇ ಮಡಿಕೆಯಲ್ಲಿ ತಿಂಗಳುಗಟ್ಟಲೆ ಅರೆಯುತ್ತಿದ್ದರೆ ಬಣ್ಣದ ಜೊತೆ ಎಳೆಯೂ ಹೋಗುತ್ತದೆ. ಒಗೆಯದ ಪ್ಯಾಂಟು ತೊಡೆಸಂದಿಯಲ್ಲಿ ಬಾಯಿಬಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ನೀಲಿ ಹತ್ತಿಯ ಎಳೆಯ ತಿರುಳಿಗೆ ಇಳಿಯುವುದಿಲ್ಲ. ತೊಟ್ಟಿಯಲ್ಲಿ ಅದ್ದಿ, ಗಾಳಿಗೆ ಹಿಡಿದು, ಮತ್ತೆ ಅದ್ದಿದಾಗ ಮೇಲ್ಮೈಯಲ್ಲಿ ಉಂಗುರದಂತೆ ಕೂರುತ್ತದೆ, ಒಳಗು ಬಿಳಿಯಾಗಿಯೇ ಉಳಿಯುತ್ತದೆ. ಹಳೆಯ ಹಾಸಿನ ನೂಲು ಒಂದೇ ದಪ್ಪದ್ದಾಗಿರಲಿಲ್ಲ. ದಪ್ಪವಿದ್ದ ಕಡೆ ಅದು ಮುಂದಕ್ಕೆ ಚಾಚಿ ಬೇಗ ಬಿಳುಪಾಗುತ್ತದೆ, ತೆಳುವಿದ್ದ ಕಡೆ ಒಳಗೆ ಅಡಗಿ ನೀಲಿಯಾಗಿ ನಿಲ್ಲುತ್ತದೆ. ಹೀಗೆ ಪ್ಯಾಂಟಿನ ಉದ್ದಕ್ಕೂ ಮಳೆಗೆರೆಯಂತೆ ಇಳಿಯುವ ಸಣ್ಣ ಬಿಳಿ ಗೆರೆಗಳಿಗೆ ಜಪಾನೀಯರು ‘ತಾತೆಓಚಿ’ ಎನ್ನುತ್ತಾರೆ. ವೇರ್‌ಹೌಸ್ ವರ್ಷಗಟ್ಟಲೆ ಹಳೆಯ ಪ್ಯಾಂಟುಗಳ ನೂಲನ್ನು ಬಿಡಿಸಿ ನೋಡಿದ್ದು ಇದಕ್ಕಾಗಿ, ಇನ್ನೊಬ್ಬ ತಯಾರಕ ಫುಲ್‌ಕೌಂಟ್ ಜಿಂಬಾಬ್ವೆಯ ಉದ್ದೆಳೆ ಹತ್ತಿಯನ್ನೇ ಹಿಡಿದದ್ದು ಇಂಥದೇ ಹಟದಿಂದ. ಈ ಗೆರೆ ಮೂಡಬೇಕಾದರೆ ಬಣ್ಣ ಮೈಯೆಲ್ಲ ಸಮನಾಗಿ, ಸ್ವಲ್ಪ ಸ್ವಲ್ಪವೇ ಇಳಿಯಬೇಕು. ಅದು ಮತ್ತೆ ಮತ್ತೆ ಒಗೆದಾಗ ಮಾತ್ರ ಆಗುತ್ತದೆ. ಒಗೆಯದಿದ್ದರೆ ಗಂಜಿ ಮತ್ತು ಬೆವರು ಸೇರಿ ಮಡಿಕೆಯನ್ನು ಒಂದೇ ಜಾಗದಲ್ಲಿ ಬಿಗಿದು ಹಿಡಿಯುತ್ತವೆ, ಮಡಿಕೆಯ ತುದಿಯಷ್ಟೇ ಸವೆಯುತ್ತದೆ. ಕಾಣುವುದು ಕುಳಿತೆದ್ದವನ ಭಂಗಿ. ನೂಲಿನ ಗುಣ ಕಡುನೀಲಿಯ ಕೆಳಗೆ ಮುಚ್ಚಿಹೋಗುತ್ತದೆ.

ಒಗೆಯದವರ ತಾಳ್ಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ವಸ್ತುವನ್ನು ವರ್ಷಗಟ್ಟಲೆ ದಿನವೂ ಗಮನಿಸುವುದು ದೊಡ್ಡ ಗುಣವೇ. ಆದರೆ ಅವರ ಅಳತೆಗೋಲು ಫೋಟೊ. ಫೋಟೊದಲ್ಲಿ ಕಾಣುವ ಕಪ್ಪು-ಬಿಳುಪಿನ ಜಿಗಿತವೇ ಅಂತಿಮವಾದರೆ ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಮರಳುಕಾಗದ ಹಿಡಿದು, ಪರ್ಮಾಂಗನೇಟ್ ಸಿಂಪಡಿಸುವ ಕೂಲಿಯಾಳು ಕೆಲವೇ ನಿಮಿಷಗಳಲ್ಲಿ ಇವರಿಗಿಂತ ಚೆಂದದ ಮೀಸೆ ಬಿಡಿಸಬಲ್ಲ. ಅವನದನ್ನು ನಕಲಿ ಎಂದು ತಳ್ಳುವವರು ತಮ್ಮದು ಏಕೆ ಅಸಲಿ ಎಂದು ಹೇಳಬೇಕಾಗುತ್ತದೆ. ಅಸಲಿತನ ಇರುವುದು ಬಟ್ಟೆ ಬಾಳಿದ ಬಾಳಿನಲ್ಲಿ ಎಂದರೆ ಆ ಬಾಳಿನೊಳಗೆ ನೀರೂ ಇತ್ತು.

ತೂಕದ ಮೋಹವೂ ಇದೇ ದಾರಿಯದು. 21 ಔನ್ಸ್, 25 ಔನ್ಸ್, ಕೊನೆಗೆ ಕೆನಡಾದ ನೇಕೆಡ್ ಆ್ಯಂಡ್ ಫೇಮಸ್ ಹೊರತಂದ 32 ಔನ್ಸಿನ ಪ್ಯಾಂಟು. ದಪ್ಪ ಬಟ್ಟೆಯಲ್ಲಿ ಮಡಿಕೆ ಗಟ್ಟಿಯಾಗಿ ನಿಲ್ಲುತ್ತದೆ, ಬಿಳಿಗೆರೆ ಬೇಗ ಮೂಡುತ್ತದೆ. ಯುದ್ಧಾನಂತರದ 501ರ ಬಟ್ಟೆ ಆ 32 ಔನ್ಸಿನ ಅರ್ಧಕ್ಕಿಂತಲೂ ಕಡಿಮೆ ತೂಗುತ್ತಿತ್ತು. ಇಂಥ ದಪ್ಪ ಪ್ಯಾಂಟನ್ನು ಮರುಸೃಷ್ಟಿ ಎಂದು ಅದರ ತಯಾರಕರು ಕರೆಯದಿರಬಹುದು, ಅದನ್ನೇ ಮರುಸೃಷ್ಟಿಯ ಪಕ್ಕದಲ್ಲಿಟ್ಟು ತೂಗುವ ವಿಮರ್ಶಕರದು ತಪ್ಪು.

ಡಬ್ಲ್ಯು. ಡೇವಿಡ್ ಮಾರ್ಕ್ಸ್ 2015ರ ತಮ್ಮ ‘ಅಮೆಟೋರಾ’ ಪುಸ್ತಕದ ಉಪಶೀರ್ಷಿಕೆಯಲ್ಲಿ ಜಪಾನು ಅಮೆರಿಕದ ಶೈಲಿಯನ್ನು ಉಳಿಸಿತೆನ್ನುತ್ತಾರೆ. ಪುಸ್ತಕ ಒಳ್ಳೆಯದು, ಆ ಮಾತು ಮಾತ್ರ ನನಗೆ ಸಾಲದು. ಶೈಲಿಯನ್ನು ಯಾರು ಬೇಕಾದರೂ ಉಳಿಸಬಹುದು, ಅದು ಚಿತ್ರದಲ್ಲೂ ಉಳಿಯುತ್ತದೆ. ಜಪಾನಿನ ಕಸುಬುದಾರರು ಉಳಿಸಿದ್ದು ಬಟ್ಟೆಯ ನಡವಳಿಕೆಯನ್ನು. ಎರಡನೇ ಮಹಾಯುದ್ಧದ ಕಾಲದ 501ರ ಮರುಸೃಷ್ಟಿಯನ್ನು ನೋಡಿ. ದಾರ ಉಳಿಸಲೆಂದು ಹಿಂಜೇಬಿನ ಕಮಾನಿನ ಹೊಲಿಗೆಯನ್ನು ಆಗ ಬಣ್ಣದಲ್ಲಿ ಬಳಿಯುತ್ತಿದ್ದರು. ಒಗೆದಂತೆಲ್ಲ ಅದು ಅಳಿಸಿಹೋಗುತ್ತಿತ್ತು. ಇಂದಿನ ತಯಾರಕರೂ ಅಳಿಯಲೆಂದೇ ಅದನ್ನು ಬಳಿಯುತ್ತಾರೆ. ಆ ಬಣ್ಣ ಹೋಗಬಾರದೆಂದು ಪ್ಯಾಂಟನ್ನು ನೀರಿನಿಂದ ದೂರವಿಟ್ಟವರು ಕೊಂಡ ವಸ್ತುವನ್ನು ಅರ್ಧದಲ್ಲೇ ನಿಲ್ಲಿಸಿದ್ದಾರೆ.

ಈ ಇಡೀ ಆಸಕ್ತಿಯನ್ನೇ ದುಡಿಯುವವರ ಬಡತನವನ್ನು ಹಣ ಕೊಟ್ಟು ತೊಡುವ ಚಟವೆಂದು ಬೈಯುವ ವಿಮರ್ಶಕರಿದ್ದಾರೆ. ಅವರಿಗೂ ಒಂದು ಮಾತು ಹೇಳಬೇಕು. ಆಪಾದನೆಯಲ್ಲಿ ಹುರುಳಿದೆ, ಆದರೆ ಅದು ತಾಕಬೇಕಾದದ್ದು ಒಗೆಯದವರಿಗೆ. ಇಂದು ನಾವು ಮಾದರಿಯೆಂದು ಎದುರಿಗಿಟ್ಟುಕೊಳ್ಳುವ ಹಳೆಯ ಪ್ಯಾಂಟುಗಳನ್ನು ಗಣಿಯಲ್ಲಿ, ಹೊಲದಲ್ಲಿ, ರೈಲುದಾರಿಯಲ್ಲಿ ದುಡಿದವರು ತೊಟ್ಟರು. ಅವು ಮಣ್ಣಾದವು, ಮಣ್ಣಾದದ್ದನ್ನು ಯಾರೋ ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಹಲಗೆಗೆ ತಿಕ್ಕಿದರು. ಹೆಚ್ಚಿನ ಮನೆಗಳಲ್ಲಿ ಆ ಯಾರೋ ಹೆಂಗಸೇ. ನಾವು ಮೆಚ್ಚುವ ಮಳೆಗೆರೆ, ಹಗ್ಗದ ಅಂಚು, ಮುಂದಕ್ಕೆ ಹರಿದ ಹೊಲಿಗೆ ಅವಳ ಕೈಯಲ್ಲಿ ಆದವು. ತೊಟ್ಟವನ ಮೈಯೊಂದೇ ಬಟ್ಟೆಯನ್ನು ಬರೆಯಿತೆಂದು ನಂಬುವ ಪಂಥ ಅವಳನ್ನು ಚರಿತ್ರೆಯಿಂದ ಅಳಿಸುತ್ತದೆ.

ಆದ್ದರಿಂದ ಮರುಸೃಷ್ಟಿಯ ಪ್ಯಾಂಟಿನ ಬೆಲೆ ಕಟ್ಟುವವರು ತೊಡೆಯ ಗೆರೆ ನೋಡುವ ಮೊದಲು ಅದನ್ನು ಒಳಮೈ ಹೊರಗೆ ಮಾಡಿ ಹಾಸಬೇಕು. ಪಟ್ಟಿಯ ಕೆಳಗೆ ನೆರಿಗೆ ಕೂತಿದೆಯೇ, ಹೊರಹೊಲಿಗೆ ಎಲ್ಲಿಂದ ಹೊರಟು ಎಲ್ಲಿ ಮುಟ್ಟಿದೆ, ಬಿಡಿಸಿದ ಅಂಚು ಅದರ ಜೊತೆ ತಿರುಗಿದೆಯೇ ಎಂದು ಬೆರಳಿಟ್ಟು ನೋಡಬೇಕು. ನನ್ನ ಬಳಿ ಹತ್ತು ವರ್ಷದಿಂದ ವಾರ, ಎರಡು ವಾರಕ್ಕೊಮ್ಮೆ ಒಗೆತ ಕಂಡ ಒಂದು ಜೊತೆ ಇದೆ. ಅದರಲ್ಲಿ ಮೀಸೆಯೂ ಇಲ್ಲ, ಜೇನುಗೂಡೂ ಇಲ್ಲ. ನೀಲಿ ಆಕಾಶದ ಬಣ್ಣಕ್ಕೆ ಇಳಿದಿದೆ, ಸೊಂಟದಿಂದ ಪಾದದವರೆಗೆ ನೂಲು ನೂಲಾಗಿ ಎಣಿಸಬಹುದು. ಒಂದು ಕಾಲಿನ ಹೊಲಿಗೆ ಮೊಳಕಾಲ ಎಲುಬಿನ ಮೇಲೆ ಬಂದು ನಿಂತಿದೆ.