‘ಸೀಟ ಸಿಕ್ತೇನ್ರಿ?’: ಒಂದು ಆಡುನುಡಿಗೆ ವ್ಯಾಖ್ಯಾನ

ಮೂಲ: ಸೀಟ ಸಿಕ್ತೇನ್ರಿ?

ಅವತರಣಿಕೆ. ಯಾದಗಿರಿ ಸೀಮೆಯ ಮುದನಾಳದಿಂದ ಶಹಾಪುರ, ಸುರಪುರಗಳವರೆಗೆ ಈ ವಾಕ್ಯವು ನಿತ್ಯ ಕೇಳಿಬರುವುದು. ಬಸ್ಸಿಳಿದು ಬಂದ ಮುದುಕನನ್ನು ಕೇಳುವುದೂ ಇದನ್ನೇ, ನೀಟ್ ಪರೀಕ್ಷೆ ಬರೆದ ಹುಡುಗಿಯ ತಂದೆಯನ್ನು ಕೇಳುವುದೂ ಇದನ್ನೇ. ಕೇಳಿಸಿಕೊಂಡವರು ‘ಯಾವ ಸೀಟು’ ಎಂದು ತಿರುಗಿ ಕೇಳುವುದಿಲ್ಲ. ಒಂದೇ ಮಾತು ಇಷ್ಟು ಎಡೆಗಳಲ್ಲಿ ಸಲ್ಲುವ ಬಗೆಯನ್ನು ತಿಳಿಯಲು ಅದನ್ನು ಬಿಡಿಸಬೇಕು. ಸೀಟ, ಸಿಕ್ತು, ಏನ್, ರಿ ಎಂದು ನಾಲ್ಕು ಅಂಗಗಳು.

‘ಸೀಟ’ ಎಂಬುದಕ್ಕೆ ಕುಳಿತುಕೊಳ್ಳುವ ಎಡೆ ಎಂಬುದು ವಾಚ್ಯಾರ್ಥ, ಅಂದರೆ ನೇರವಾದ ಅರ್ಥ. ಇಲ್ಲಿ ಶಂಕೆ: ಮಣೆ, ಕಟ್ಟೆ, ಪೀಠ, ಗದ್ದುಗೆ ಎಂಬ ಮಾತುಗಳಿರಲು ಇಂಗ್ಲಿಷಿನ ಶಬ್ದವೇಕೆ? ಸಮಾಧಾನ: ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹತ್ತು ಮಂದಿ ಇರುವಾಗ ಹನ್ನೊಂದನೆಯವನು ಬಂದರೆ, ‘ಸರೀರಿ ಸ್ವಲ್ಪ’ ಎಂದೊಡನೆ ಎಡೆಯಾಗುವುದು. ಆ ಕಟ್ಟೆಯಲ್ಲಿ ಎಷ್ಟು ಸೀಟುಗಳೆಂದು ಯಾರೂ ಕೇಳರು. ಎಣಿಸಿಟ್ಟ ಎಡೆ, ಬೇಡುವವರಿಗಿಂತ ಕಡಿಮೆಯಾದ ಎಡೆ, ಒಬ್ಬನು ಎದ್ದರೆ ಇನ್ನೊಬ್ಬನಿಗೆ ತೆರವಾಗುವ ಎಡೆ, ಇದು ಸೀಟು. ಎಣಿಕೆ, ಕೊರತೆ, ತೆರವು ಎಂಬ ಈ ಮೂರೂ ಅದರ ಲಕ್ಷಣಗಳು. ಮುಂದಿನ ಅರ್ಥಗಳನ್ನು ಇವುಗಳಿಂದಲೇ ಒರೆಹಚ್ಚಿ ನೋಡತಕ್ಕದ್ದು.

ಮೊದಲನೆಯ ಅರ್ಥ ಬಸ್ಸಿನದು. ಗಾಡಿ ನಿಲ್ಲುವ ಮುನ್ನವೇ ಹೊರಗಿನಿಂದ ಕಿಟಕಿಯೊಳಗೆ ಟವೆಲ್ಲನ್ನು ಎಸೆದರೆ ಸೀಟು ಹಿಡಿದಂತೆ. ಟವೆಲ್ಲು ಇಲ್ಲಿ ಒಡೆಯನ ಪ್ರತಿನಿಧಿ, ಅವನು ಬಾಗಿಲಲ್ಲಿ ನುಗ್ಗಿ ಬರುವವರೆಗೆ ಅವನ ಪರವಾಗಿ ಕುಳಿತಿರುವುದು. ಮೂವರ ಸೀಟಿನ ಅಂಚಿಗೆ ಒತ್ತಿಕೊಂಡು ಕುಳಿತ ನಾಲ್ಕನೆಯವನಿಗೆ ಸಿಕ್ಕಿದ್ದು ‘ಜಾಗ’ವೇ ಹೊರತು ಸೀಟಲ್ಲ, ಏಕೆಂದರೆ ಅವನು ಎಣಿಕೆಯ ಹೊರಗಿನವನು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ಟಿನ ಹಣ ತಪ್ಪಿತು. ಆಗ ಸಾಮಾನ್ಯ ಬಸ್ಸುಗಳಲ್ಲಿ ಅರ್ಧದಷ್ಟು ಸೀಟುಗಳನ್ನು ಗಂಡಸರಿಗೆ ಇರಿಸಬೇಕೆಂದೂ ವಿಧಿಸಲಾಯಿತು. ಬೆಲೆ ಹೋದರೂ ಎಣಿಕೆ ಹೋಗದು ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯ ಅರ್ಥದಲ್ಲಿ ಕುಳಿತವನೇ ಸೀಟಾಗುವನು. ಟಂಟಂ ಗಾಡಿಯ, ಅಂದರೆ ಹಲವರನ್ನು ಕೂರಿಸಿಕೊಂಡು ಹೋಗುವ ಬಾಡಿಗೆ ಆಟೋದ, ಚಾಲಕನು ‘ಇನ್ನೆರಡು ಸೀಟ ಬರ್ಲಿ, ಬಿಡ್ತೀನಿ’ ಎನ್ನುವಾಗ ಬರಬೇಕಾದುದು ಮನುಷ್ಯರು. ಎಡೆಯ ಹೆಸರಿನಿಂದ ಎಡೆಯಲ್ಲಿರುವವನನ್ನು ಕರೆಯುವುದನ್ನು ಆಲಂಕಾರಿಕರು ಲಕ್ಷಣಾವೃತ್ತಿ ಎನ್ನುವರು. ‘ಊರೆಲ್ಲ ಬಂತು’ ಎಂದಾಗ ಬಂದುದು ಜನವಲ್ಲದೆ ಮನೆಗಳಲ್ಲವಷ್ಟೆ. ಚಾಲಕನಿಗೆ ಬಾಡಿಗೆಯು ತಲೆಲೆಕ್ಕದಿಂದ ಬರುವುದರಿಂದ ಇಲ್ಲಿಯೂ ಎಣಿಕೆಯೇ ಮುಖ್ಯ.

ಮೂರನೆಯದು ದರ್ಜಿಯದು. ಪ್ಯಾಂಟಿನ ಅಳತೆ ಬರೆಯುವಾಗ ಸೊಂಟದ ಕೆಳಗೆ ಟೇಪು ಸುತ್ತಿ ಅವನು ‘ಸೀಟು’ ಎಂದು ಬರೆದುಕೊಳ್ಳುವನು. ಕೂರುವ ಎಡೆಯ ಹೆಸರು ಕೂರುವ ಅಂಗಕ್ಕೆ ಬಂದಿದೆ. ಇಲ್ಲಿ ಕೊರತೆಯೂ ಇಲ್ಲ, ತೆರವೂ ಇಲ್ಲ. ಆದುದರಿಂದ ಇದು ಸಂಬಂಧದಿಂದ ಬಂದ ಗೌಣಾರ್ಥವೆಂದು ತಿಳಿದು ಮುಂದೆ ಸಾಗುವುದು.

ನಾಲ್ಕನೆಯದು ಕಾಲೇಜಿನ ಸೀಟು. ಇದರಲ್ಲಿ ಕೂರುವ ಕ್ರಿಯೆ ಬಹುಪಾಲು ಅಳಿದು ಎಣಿಕೆಯೊಂದೇ ಉಳಿದಿದೆ. ಯಾದಗಿರಿಯ ವೈದ್ಯಕೀಯ ಕಾಲೇಜು 150 ಸೀಟುಗಳಿಂದ ಆರಂಭವಾಯಿತೆಂದರೆ 150 ಕುರ್ಚಿಗಳನ್ನು ತಂದರೆಂದು ಅರ್ಥವಲ್ಲ, ಅಷ್ಟು ಮಂದಿಗೆ ಓದುವ ಹಕ್ಕು ದೊರೆಯಿತೆಂದು ಅರ್ಥ. ಸಂವಿಧಾನದ 371ಜೆ ವಿಧಿಯ ಆಧಾರದ ಮೇಲೆ 2013ರಲ್ಲಿ ಹೊರಟ ಆದೇಶದಂತೆ ಈ ಭಾಗದ ಕಾಲೇಜುಗಳಲ್ಲಿ ಶೇ. 70ರಷ್ಟೂ ರಾಜ್ಯದ ಉಳಿದೆಡೆ ಶೇ. 8ರಷ್ಟೂ ಸೀಟುಗಳು ಕಲ್ಯಾಣ ಕರ್ನಾಟಕದವರಿಗೆ ಮೀಸಲು. ಬಸ್ಸಿನಲ್ಲಿ ಟವೆಲ್ಲು ಮಾಡುವ ಕೆಲಸವನ್ನು ಇಲ್ಲಿ ಶಾಸನವು ಮಾಡುತ್ತಿದೆ: ಬರಬೇಕಾದವನು ಬರುವ ಮುನ್ನವೇ ಅವನ ಎಡೆಯನ್ನು ಕಾದಿರಿಸುವುದು.

ಐದನೆಯದು ವಿಧಾನಸಭೆಯ ಸೀಟು. ಯಾದಗಿರಿ ಜಿಲ್ಲೆಗೆ ಇಂಥವು ನಾಲ್ಕು: ಸುರಪುರ, ಶಹಾಪುರ, ಯಾದಗಿರಿ, ಗುರುಮಠಕಲ್. ಇಲ್ಲಿ ಸೀಟು ಎಂದರೆ ಬೆಂಗಳೂರಿನ ಸದನದಲ್ಲಿರುವ ಆಸನವೂ ಹೌದು, ಊರು ಕೇರಿ ಹೊಲಗಳ ಸಹಿತ ಇಡೀ ಕ್ಷೇತ್ರವೂ ಹೌದು. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ಗುರುಮಠಕಲ್ಲಿನಿಂದ ಎಂಟು ಬಾರಿ ಗೆದ್ದರು. ಕ್ಷೇತ್ರಗಳ ಮರುವಿಂಗಡಣೆಯಲ್ಲಿ ಅದು ಪರಿಶಿಷ್ಟ ಜಾತಿಯ ಮೀಸಲು ಕಳೆದುಕೊಂಡಾಗ 2008ರಲ್ಲಿ ಚಿತ್ತಾಪುರಕ್ಕೆ ಹೋದರು. ಎಷ್ಟು ಕಾಲ ಕುಳಿತರೂ ಸೀಟು ಕುಳಿತವನ ಸ್ವತ್ತಾಗದು ಎಂಬುದು ಇದರಿಂದ ಸಿದ್ಧ.

ಈ ತೆರವಿನ ಲಕ್ಷಣವನ್ನು ಸ್ಥಿರಪಡಿಸಲು ಎರಡು ಪ್ರತ್ಯುದಾಹರಣೆಗಳು, ಅಂದರೆ ಸೀಟಲ್ಲದ ಆಸನಗಳು. ಅಬ್ಬೆತುಮಕೂರಿನ ಸಂತ ವಿಶ್ವಾರಾಧ್ಯರ ಗದ್ದುಗೆ, ಅಂದರೆ ಸಮಾಧಿ, ಮೊದಲನೆಯದು. ಅದರಲ್ಲಿ ನೆಲೆಗೊಂಡವರು ಏಳುವುದಿಲ್ಲವಾಗಿ ಅದು ತೆರವಾಗದು, ಅದಕ್ಕೆ ಸರದಿಯೂ ಇಲ್ಲ. ಸುರಪುರದ ನಾಯಕರ ಗಾದಿ ಎರಡನೆಯದು. ಅದು ಒಂದೇ ಆದುದರಿಂದ ಎಣಿಕೆಗೆ ಸಿಗದು, ತಂದೆಯಿಂದ ಮಗನಿಗೆ ಬರುವುದರಿಂದ ಬೇಡುವವರ ಸಾಲಿಲ್ಲ. ಬ್ರಿಟಿಷರಿಗೆ ಇದಿರು ನಿಂತ ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಮಡಿದ ಮೇಲೆ ಆ ಗಾದಿಯ ಆಳ್ವಿಕೆ ಮುಗಿದು ಸೀಮೆಯು ನಿಜಾಮನ ಕೈಸೇರಿತು. ಅದೇ ಮನೆತನದ, ಅದೇ ಹೆಸರಿನ ಶಾಸಕರು 2024ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಸುರಪುರದ ಸೀಟು ತೆರವಾಯಿತು. ಅವರ ಮಗ ರಾಜಾ ವೇಣುಗೋಪಾಲ ನಾಯಕರು ಅದಕ್ಕೆ ಬಂದರು, ಆದರೆ ಮೇ 7ರ ಉಪಚುನಾವಣೆಯ ಮತಗಳನ್ನು ದಾಟಿಯೇ ಬಂದರು. ಗಾದಿಗೆ ವಂಶವೇ ಸಾಕು, ಸೀಟಿಗೆ ಸಾಲದು.

ಇನ್ನು ‘ಸಿಕ್ತು’. ಗ್ರಂಥಭಾಷೆಯಲ್ಲಿ ಸಿಕ್ಕಿತು, ದೊರೆಯಿತು. ಈ ಕ್ರಿಯೆಗೆ ಕರ್ತೃ ಸೀಟೇ. ಪಡೆದವನು ‘ನನಗೆ’ ಎಂಬ ಚತುರ್ಥೀ ವಿಭಕ್ತಿಯಲ್ಲಿ ಬದಿಗೆ ನಿಲ್ಲುವನು. ಕ್ರಿಯೆ ಬದಲಾದರೆ ಪಡೆದ ಬಗೆಯೂ ಬದಲಾಗುವುದು. ನುಗ್ಗಿದವನು ಸೀಟು ‘ಹಿಡಿದ’, ಮತ ಪಡೆದವನು ‘ಗೆದ್ದ’, ಹಣ ಕಟ್ಟಿದವನು ‘ತಗೊಂಡ’, ಎದ್ದು ನಿಂತವನು ‘ಬಿಟ್ಟುಕೊಟ್ಟ’. ‘ಸಿಕ್ತು’ ಎನ್ನುವವನು ಇವಾವುದನ್ನೂ ಹೇಳದೆ ಶ್ರಮವನ್ನೂ ಅದೃಷ್ಟವನ್ನೂ ಒಂದರಲ್ಲಿಯೇ ಅಡಗಿಸುವನು. ಪಡೆದವನ ಸಂಕೋಚಕ್ಕೆ ಇದು ಒಪ್ಪುವ ಮಾತು, ಏಕೆಂದರೆ ಒಬ್ಬನಿಗೆ ಸಿಕ್ಕಿತೆಂದರೆ ಕೊರತೆಯಿರುವಲ್ಲಿ ಇನ್ನೊಬ್ಬನಿಗೆ ತಪ್ಪಿತೆಂದೇ ಅರ್ಥ.

‘ಏನ್’ ಎಂಬುದು ಪ್ರಶ್ನಾರ್ಥಕ. ಸಿಕ್ಕಿರಲಾರದೆಂಬ ಪಕ್ಷಕ್ಕೂ ಇದು ಎಡೆಗೊಡುವುದು. ಎಲ್ಲರಿಗೂ ಸಿಗುವುದನ್ನು ಕುರಿತು ಈ ಪ್ರಶ್ನೆ ಹುಟ್ಟದು.

ಕಡೆಯದಾದ ‘ರಿ’ ಗೌರವಸೂಚಕ. ಕಿರಿಯನಾದರೆ ‘ಸಿಕ್ತೇನೋ ತಮ್ಮಾ’ ಎಂದಾಗುವುದು. ಉತ್ತರ ಹೌದಾದರೂ ಅಲ್ಲವಾದರೂ ಈ ‘ರಿ’ ಮಾರ್ಪಡದು, ಏಕೆಂದರೆ ಅದು ಉತ್ತರಕ್ಕೆ ಮುನ್ನವೇ ಸಂದಿರುವ ಮರ್ಯಾದೆ. ಟಂಟಂ ಚಾಲಕನ ಲೆಕ್ಕದಲ್ಲಿ ಸೀಟಾಗಿದ್ದವನು ಇಲ್ಲಿ ಮತ್ತೆ ಮನುಷ್ಯನಾಗುವನು.

ತಾತ್ಪರ್ಯ. ಮೊದಲ ಪದವು ಎಣಿಸಿಟ್ಟ ಎಡೆಯನ್ನು ಹೇಳಿದರೆ ಕೊನೆಯ ಅಕ್ಷರವು ಎಣಿಕೆಗೆ ಬಾರದ ಮರ್ಯಾದೆಯನ್ನು ಹೇಳುವುದು. ಸೀಟು ಇಬ್ಬರಲ್ಲಿ ಒಬ್ಬನಿಗೆ ಸಿಗಬಹುದು, ‘ರಿ’ ಇಬ್ಬರಿಗೂ ಸಲ್ಲುವುದು.