ಬಾವುಟದ ವಯಸ್ಸು

ಶಿವಾಜಿನಗರದ ಗುಜರಿ ಸಾಲಿನಲ್ಲಿ ಬಂಪರು, ಸೈಲೆನ್ಸರುಗಳ ನಡುವೆ ಹೋದ ತಿಂಗಳು ನಮ್ಮ ನೌಕಾಪಡೆಯ ಬಾವುಟವೊಂದು ಕಣ್ಣಿಗೆ ಬಿತ್ತು. ಮಡಿಸಿಟ್ಟಿದ್ದರು. ಬಿಳಿ ಬಟ್ಟೆ, ಕೆಂಪು ಪಟ್ಟಿ, ಮೂಲೆಯಲ್ಲಿ ತ್ರಿವರ್ಣ. "ಐವತ್ತನೇ ಇಸವೀದು ಸಾರ್, ಪಕ್ಕಾ ಒರಿಜಿನಲ್" ಅಂದರು ಅಂಗಡಿಯವರು. ಆಸೆಗೆ ಬಿದ್ದು ಚೌಕಾಶಿಯನ್ನೂ ಮಾಡದೆ ತಂದೆ. ಮನೆಯಲ್ಲಿ ಮಂಚದ ಮೇಲೆ ಹರಡಿದರೆ, ಕೆಂಪು ಪಟ್ಟಿಗಳ ಶಿಲುಬೆಯ ನಟ್ಟನಡುವೆ ಅಶೋಕ ಸ್ತಂಭದ ಸಿಂಹಗಳು, ಅವುಗಳ ಕೆಳಗೆ ದೇವನಾಗರಿಯಲ್ಲಿ 'ಸತ್ಯಮೇವ ಜಯತೇ'!

ಆ ಅಕ್ಷರಗಳು ಬಾವುಟಕ್ಕೆ ಬಂದದ್ದೇ 2014ರಲ್ಲಿ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ವಿಕ್ರಾಂತ್ ಯುದ್ಧನೌಕೆ ಸೇವೆಗಿಳಿದ ದಿನ ಶಿಲುಬೆಯೂ ಹೋಗಿ ನೀಲಿ ಅಷ್ಟಕೋನ ಬಂತು. ಅಂದರೆ ನನ್ನ 'ಪುರಾತನ' ವಸ್ತುವಿಗೆ ಇನ್ನೂ ಮೀಸೆ ಮೂಡಿಲ್ಲ. ನಿಜವಾದ 1950ರ ಮಾದರಿಯಲ್ಲಿ ಸಿಂಹಗಳೇ ಇಲ್ಲ, ಬರೀ ಶಿಲುಬೆ. 2001ರಲ್ಲಿ ಅದನ್ನು ತೆಗೆದು ನೀಲಿ ಲಾಂಛನ ಹಾಕಿದರು. ಕಡಲು, ಆಕಾಶಗಳ ನೀಲಿಯಲ್ಲಿ ಅದು ಕಾಣುವುದೇ ಇಲ್ಲವೆಂಬ ದೂರು ಬಂದು 2004ರಲ್ಲಿ ಶಿಲುಬೆ ಮರಳಿತು, ಸಿಂಹಗಳ ಸಮೇತ. ಯಾರಿಗೂ ಬೇಡವಾದ ಆ ನಡುವಿನ ಮೂರು ವರ್ಷದ ಬಾವುಟ ಸಿಕ್ಕರೆ, ಓದುಗರೇ, ನನಗೆ ಹೇಳದೆ ಕೊಂಡುಬಿಡಿ.

ವಿನ್ಯಾಸಕ್ಕಿಂತ ಬಟ್ಟೆಯನ್ನೇ ನಾನು ಹೆಚ್ಚು ನಂಬುತ್ತೇನೆ. ಹಳೆಯ ಹಡಗಿನ ಬಾವುಟ ತೆಳು ಉಣ್ಣೆಯದು. ನೆನೆದರೂ ಬೇಗ ಒಣಗುತ್ತದೆ, ಸಣ್ಣ ಗಾಳಿಗೂ ಬಿಚ್ಚಿಕೊಳ್ಳುತ್ತದೆ. ಹಗ್ಗದ ಕಡೆಯ ಅಂಚಿಗೆ ಒರಟು ಕ್ಯಾನ್ವಾಸ್ ಪಟ್ಟಿ, ಅದರೊಳಗೆ ಹಗ್ಗ, ಹಗ್ಗದ ತುದಿಗೆ ಮರದ ಗುಬುಟು. ಬ್ರಿಟಿಷರ ಕಾಲದ್ದಾದರೆ ಆ ಪಟ್ಟಿಯ ಮೇಲೆ ಸರ್ಕಾರಿ ಬಾಣದ ಗುರುತನ್ನು ಹುಡುಕಬೇಕು. ಅಳತೆಯೂ ಅಡಿಗಳಲ್ಲಲ್ಲ, 9 ಅಂಗುಲಕ್ಕೊಂದರಂತೆ 'ಬ್ರೆಡ್ತ್' ಲೆಕ್ಕದಲ್ಲಿ. ಒಂದು ಎಳೆ ಕಿತ್ತು ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕರಗಿ ಮಣಿಗಟ್ಟಿದರೆ ನೈಲಾನು. ನನ್ನದು ಮಣಿಗಟ್ಟಿತು. ಗಾಳಿಗೆ ಬಡಿದುಕೊಂಡ ತುದಿ ಹರಿದಿದ್ದರೆ ಹೊಲಿಸಬೇಡಿ, ಕಡಲಿಗೆ ಹೋಗಿ ಬಂದದ್ದಕ್ಕೆ ಇರುವ ಸಾಕ್ಷಿ ಅದೊಂದೇ.

ಕಡಲಿಲ್ಲದ ಊರಿಗೆ ಇವೆಲ್ಲ ಬರುವುದು ನಿವೃತ್ತರ ಟ್ರಂಕುಗಳಲ್ಲಿ. ಕಮ್ಮನಹಳ್ಳಿಯ ಜಲವಾಯು ವಿಹಾರದಲ್ಲೋ ಇಂದಿರಾನಗರದ ಡಿಫೆನ್ಸ್ ಕಾಲೊನಿಯಲ್ಲೋ ಮನೆ ಖಾಲಿಯಾದರೆ ಟ್ರಂಕು ಗುಜರಿಗೆ ಬರುತ್ತದೆ. ನನ್ನ ಕಣ್ಣಿರುವುದು ಐಎನ್‌ಎಸ್ ಮೈಸೂರಿನ ಮೇಲೆ. ಬ್ರಿಟಿಷರ 'ನೈಜೀರಿಯಾ' ಕ್ರೂಸರು 1957ರಲ್ಲಿ ಮೈಸೂರಾಗಿ, ಗಂಡಭೇರುಂಡವನ್ನು ಲಾಂಛನವಾಗಿ ಧರಿಸಿತು. 1961ರಲ್ಲಿ ಕಾರವಾರದೆದುರಿನ ಅಂಜುದೀವ್ ದ್ವೀಪದ ಕಾರ್ಯಾಚರಣೆಯಲ್ಲಿತ್ತು, 1971ರಲ್ಲಿ ಪಶ್ಚಿಮ ನೌಕಾದಳದ ಮುಂದಾಳು ಹಡಗಾಗಿತ್ತು, 1985ರಲ್ಲಿ ನಿವೃತ್ತಿ. ಆ ಎರಡು ತಲೆಯ ಹಕ್ಕಿಯ ಕಸೂತಿಯಿರುವ ಅಂಗೈಯಗಲ ಬಟ್ಟೆಗಾಗಿ ಹತ್ತು ವರ್ಷದಿಂದ ಅಲೆಯುತ್ತಿದ್ದೇನೆ.

ಆ ಹಡಗಿನಲ್ಲಿ ಕೆಲಸ ಮಾಡಿದವರೊಬ್ಬರ ಮನೆ ಕೊನೆಗೂ ಪತ್ತೆಯಾಯಿತು. ಯಜಮಾನರು ತೀರಿಕೊಂಡಿದ್ದರು. ಬ್ಲೇಜರಿನ ಜೇಬಿಗೆ ಹೊಲಿದ ಬ್ಯಾಡ್ಜೇನಾದರೂ ಇದೆಯೇ ಎಂದು ಅಜ್ಜಿಯನ್ನು ಕೇಳಿದೆ.

"ಅಯ್ಯೋ, ಅದಾ? ಹಕ್ಕಿ ಚೆನ್ನಾಗಿತ್ತು ಕಣಪ್ಪ. ಹಳೇ ಬಟ್ಟೆಗೆ ಪಾತ್ರೆ ಕೊಡೋಳು ಬಂದಿದ್ಲು, ಎರಡು ಸೀರೆ ಜೊತೆ ಬ್ಲೇಜರೂ ಹಾಕ್ಬಿಟ್ಟೆ."

ಒಳಗೆ ಹೋಗಿ ಆ ಸ್ಟೀಲ್ ಡಬ್ಬಿಯನ್ನೇ ತಂದು, ಮುಚ್ಚಳ ತೆಗೆದು, ನನ್ನ ತಟ್ಟೆಗೆ ಎರಡು ಚಕ್ಕುಲಿ ಹಾಕಿದರು.