ಹಕ್ಕಿಯ ಮೇಲಿನ ಬೆಳಕು

ಈ ವಾರ ವೈಟ್ ಬ್ಯಾಲೆನ್ಸ್ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಕ್ಯಾಮೆರಾಗಳೇ ಇಷ್ಟು ಜಾಣವಾಗಿರುವಾಗ ಮ್ಯಾನ್ಯುಯಲ್ ಮೋಡ್ ಯಾಕೆ ಬೇಕು ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು.

ರಂಗನತಿಟ್ಟಿನಲ್ಲಿ ಬೆಳಗಿನ ಬಿಸಿಲು ಏರಿದ ಮೇಲೆ ದೋಣಿಯಲ್ಲಿ ಕೂತು ನೋಡಿ. ಬಿದಿರು ಮೆಳೆಯ ಕಪ್ಪು ನೆರಳಿನೆದುರು ಬೆಳ್ಳಕ್ಕಿಯೊಂದು ಹಾರಿಬರುತ್ತದೆ. ಮೀಟರು ಆ ಕಪ್ಪನ್ನೆಲ್ಲ ಲೆಕ್ಕಕ್ಕೆ ಹಿಡಿದು ಎಕ್ಸ್‌ಪೋಶರ್ ಏರಿಸುತ್ತದೆ. ರೆಕ್ಕೆಯ ಗರಿಗಳೆಲ್ಲ ಸುಣ್ಣ ಬಳಿದಂತೆ ಒಂದಾಗಿಬಿಡುತ್ತವೆ. ಅದೇ ಹಕ್ಕಿ ಮರುಕ್ಷಣ ಬಯಲು ಆಕಾಶದೆದುರು ಬಂತೆನ್ನಿ, ಮೀಟರು ಎಕ್ಸ್‌ಪೋಶರ್ ಇಳಿಸಿ ಬೆಳ್ಳಕ್ಕಿಯನ್ನು ಬೂದಕ್ಕಿ ಮಾಡುತ್ತದೆ. ಬದಲಾದದ್ದು ಹಿನ್ನೆಲೆ. ಹಕ್ಕಿಯ ಮೈಮೇಲಿನ ಬಿಸಿಲು ಎರಡೂ ಕಡೆ ಒಂದೇ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಐಎಸ್‌ಒ 400, ಎಫ್/8, 1/2000 ಇಟ್ಟು ಹಿಸ್ಟೋಗ್ರಾಂ ಒಮ್ಮೆ ನೋಡಿಕೊಳ್ಳಿ. ಬಲತುದಿಗೆ ಬಡಿಯದಿದ್ದರೆ ಸಾಕು, ಹಕ್ಕಿ ಎಲ್ಲಿ ಹಾರಿದರೂ ಬೆಳ್ಳಗೇ ಬರುತ್ತದೆ. ಮೋಡ ಬಂದು ಹೋಗಿ ಮಾಡುವ ದಿನ ಅಪರ್ಚರ್ ಪ್ರಯಾರಿಟಿಗೆ ಹೋಗುವುದೇ ಸರಿ. ಅದರಲ್ಲಿ ಅವಮಾನವೇನೂ ಇಲ್ಲ.

ಹೀಗೆ ಬೆಳಕನ್ನು ಮೊದಲೇ ಅಳೆದವರಿಗೆ ಎಡಿಟಿಂಗ್‌ನಲ್ಲಿ ಉಳಿಯುವ ಕೆಲಸ ಅಷ್ಟಕ್ಕಷ್ಟೆ. ರಾ ಫೈಲ್ ತೆರೆದು ಹೈಲೈಟ್ ತುಸು ಇಳಿಸಿ, ನೆರಳನ್ನು ಒಂಚೂರು ಎತ್ತಿ, ಓರೆಯಾದ ನೀರಿನ ಅಂಚು ತಿದ್ದಿ ಎದ್ದುಬಿಡಬಹುದು. ಸುಟ್ಟುಹೋದ ಗರಿಯನ್ನಂತೂ ಯಾವ ಸಾಫ್ಟ್‌ವೇರೂ ಮರಳಿ ತರಲಾರದು. ಸೆನ್ಸರ್ ತುಂಬಿದ ಜಾಗದಲ್ಲಿ ಗರಿಯ ಗೆರೆ ದಾಖಲಾಗಿಯೇ ಇರುವುದಿಲ್ಲ.

ಪ್ರಿಸೆಟ್ ಪಂಥದವರೊಂದಿಗೆ ನನ್ನ ಜಗಳ ಹಳೆಯದು. ಆಗುಂಬೆಯ ಆಷಾಢದ ಹಸಿರಿನಲ್ಲಿ ನೀಲಿಯೂ ಬೂದು ಬಣ್ಣವೂ ಬೆರೆತಿರುತ್ತವೆ. ಇವರು ಅದಕ್ಕೆ ಕಿತ್ತಳೆ ಬಣ್ಣ ಹಚ್ಚಿ ರಾಜಸ್ಥಾನದ ಸಂಜೆ ಮಾಡುತ್ತಾರೆ. ಕೇಳಿದರೆ ಛಾಯಾಗ್ರಾಹಕ ಆನ್ಸೆಲ್ ಆ್ಯಡಮ್ಸ್ ಹೆಸರು ಹೇಳುತ್ತಾರೆ: ಆತನೂ ಡಾರ್ಕ್‌ರೂಮಿನಲ್ಲಿ ಚಿತ್ರ ಬದಲಿಸಲಿಲ್ಲವೇ ಎಂದು.

ಬದಲಿಸಿದ, ನಿಜ. ಆದರೆ ಅದಕ್ಕೂ ಮೊದಲು ಆತ ಏನು ಮಾಡಿದ ಎಂಬುದನ್ನು ಪೂರ್ತಿ ಹೇಳಬೇಕು. 1941ರ ಶರತ್ಕಾಲದ ಒಂದು ಸಂಜೆ. ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿ. ಕಾರಿನಲ್ಲಿ ಹಿಂತಿರುಗುತ್ತಿದ್ದ ಆ್ಯಡಮ್ಸ್‌ಗೆ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಇಳಿಬಿಸಿಲು, ಮೇಲೆ ಆಗತಾನೆ ಏರಿದ ಚಂದ್ರ ಕಂಡವು. ಗಡಿಬಿಡಿಯಲ್ಲಿ 8x10 ಕ್ಯಾಮೆರಾ ಹೂಡಿದ. ವೆಸ್ಟನ್ ಮೀಟರು ಸಿಗಲಿಲ್ಲ. ಚಂದ್ರನ ಪ್ರಕಾಶ ಚದರಡಿಗೆ 250 ಕ್ಯಾಂಡಲ್ ಎಂಬುದು ನೆನಪಿತ್ತು. ಅದನ್ನೇ ಹಿಡಿದು, ಫಿಲ್ಟರ್ ತಿನ್ನುವ ಬೆಳಕನ್ನೂ ಕೂಡಿಸಿ, ಮನಸ್ಸಿನಲ್ಲೇ ಲೆಕ್ಕ ಹಾಕಿದ: ಎಫ್/32, ಒಂದು ಸೆಕೆಂಡ್. ಎರಡನೆಯ ಫಿಲ್ಮಿಗೆ ಹೋಲ್ಡರ್ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಉಳಿದದ್ದು ಒಂದೇ ನೆಗೆಟಿವ್.

ಆ ಒಂದನ್ನು ದಶಕಗಳ ಕಾಲ ಮತ್ತೆ ಮತ್ತೆ ಪ್ರಿಂಟ್ ಮಾಡಿದ. ಮೊದಲ ಪ್ರಿಂಟುಗಳಲ್ಲಿ ಆಕಾಶ ತಿಳಿಬೂದು, ಮೋಡಗಳೂ ಕಾಣುತ್ತವೆ. ನಂತರದವುಗಳಲ್ಲಿ ಅದು ಹೆಚ್ಚುಕಡಿಮೆ ಕಪ್ಪು. ಹಗುರ ಎಡಿಟಿಂಗ್ ಎಂದು ಇದನ್ನು ನಾನೂ ಕರೆಯಲಾರೆ. ಆದರೆ ಒಂದೇ ಚಿತ್ರದ ಮೂಲೆಮೂಲೆಯನ್ನು ಅರಿತವನು ಕೈಯಾರೆ ಮಾಡಿದ ಕೆಲಸವದು. ಮದುವೆ ಮನೆಯ ಇಡೀ ಆಲ್ಬಮ್ಮಿಗೆ ಒಂದೇ ಗುಂಡಿ ಒತ್ತುವವರು ಅವನ ಹೆಸರೆತ್ತಬಾರದು.

ಮುಂದಿನ ಹುಣ್ಣಿಮೆಗೆ ನೀವೂ ಮೀಟರು ನೋಡದೆ ಚಂದ್ರನನ್ನು ತೆಗೆಯಿರಿ. ಐಎಸ್‌ಒ 100, ಎಫ್/11, 1/125ರಿಂದ ಶುರು ಮಾಡಿ. ಚಂದ್ರ ಇನ್ನೂ ದಿಗಂತಕ್ಕೆ ಅಂಟಿಕೊಂಡಿದ್ದರೆ ಇನ್ನೆರಡು ಸ್ಟಾಪ್ ಏರಿಸಿಕೊಳ್ಳಿ.